ಅಕ್ಕನ ಪಾಲಿನ ಅರ್ಧ ಕುದುರೆ

ಅಕ್ಕ,

ನಿನ್ನ ಪಾಲಿನ ಅರ್ಧ ಕುದುರೆಗೆ ಹುಣ್ಣಾಗಿದೆ. ನಿನ್ನ ವಿಳಾಸ ನನ್ನ ಹತ್ತಿರ ಇಲ್ಲ, ಇದ್ದರೂ ಇದನ್ನು ಕಳಿಸುವುದಿಲ್ಲ. ಆದರೆ ತಪ್ಪು ನಿನ್ನದೇ.

ಚಿಕ್ಕಂದಿನಲ್ಲಿ ನಮಗೆ ಜವಾಬ್ದಾರಿ ಬರಲಿ ಎಂದು ಅಪ್ಪ ಕುದುರೆಯ ಬೆನ್ನುದ್ದಕ್ಕೂ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. ಎಡಗಡೆ ನನ್ನದು, ಬಲಗಡೆ ನಿನ್ನದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದರೆ ಇಬ್ಬರಿಗೂ ಸವಾರಿ ಇಲ್ಲ. ಅಪ್ಪ ತೀರಿಕೊಂಡ ಮೇಲೂ ನಾವು ಹಾಗೇ ನಡೆದೆವು. ಆಮೇಲೆ ನೀನು ಒಂದು ಮಾತೂ ಹೇಳದೆ ಮನೆ ಬಿಟ್ಟೆ. ಈ ಎರಡು ತಿಂಗಳು ನಾನು ನನ್ನ ಅರ್ಧವನ್ನು ಮಾತ್ರ ಉಜ್ಜಿದೆ. ನಿನ್ನ ಚಾಕರಿ ನಾನ್ಯಾಕೆ ಮಾಡಲಿ?

ಇವತ್ತು ಲಾಳ ಹೊಡೆಯುವವನು ಬಂದ. ಕುದುರೆಯನ್ನು ಒಂದು ಸುತ್ತು ಬಂದು ನಕ್ಕ. "ಇದೇನು, ಎರಡು ಕುದುರೆ ಸೇರಿಸಿ ಹೊಲಿದಿದ್ದೀಯಾ?" ಬಲಪಕ್ಕೆಯ ಕೆಳಗೆ ಕೈಯಾಡಿಸಿದಾಗ ಅವನ ನಗು ನಿಂತಿತು. ಜೀನಿನ ಪಟ್ಟಿ ಉಜ್ಜಿ, ಗಂಟುಗಟ್ಟಿದ ಕೂದಲ ಅಡಿಯಲ್ಲಿ ಕೀವು ತುಂಬಿತ್ತು.

"ಇನ್ನೊಂದು ವಾರ ಬಿಟ್ಟಿದ್ರೆ ಕುದುರೆ ಉಳೀತಿರಲಿಲ್ಲ. ಯಾರು ನೋಡ್ಕೊಳ್ಳೋದು ಇದನ್ನ?"

"ಆ ಕಡೆ ಅಕ್ಕಂದು."

"ಹತ್ತುವಾಗ ಮಾತ್ರ ಇಡೀ ಕುದುರೆ ನಿಂದಾ?"

ಆ ಮಾತು ಕೇಳಿಸಿಕೊಂಡಿದ್ದಕ್ಕೂ ನೀನೇ ಕಾರಣ.

ಅವನು ಹೋದ ಮೇಲೆ ನಿನ್ನ ಬ್ರಷ್ ಹಿಡಿದು ಮೊದಲ ಸಲ ಬಲಗಡೆ ನಿಂತೆ. ಹುಣ್ಣು ತೊಳೆಯುವಾಗ ಕುದುರೆ ಒದೆಯಲಿಲ್ಲ. ಕತ್ತು ತಿರುಗಿಸಿ ನನ್ನ ಜೇಬು ಮೂಸಿತು. ಎಡಗಡೆ ನಿಂತಾಗ ಅದು ಒಂದು ದಿನವೂ ಹಾಗೆ ಮಾಡಿದ್ದಿಲ್ಲ. ಕದ್ದು ಕದ್ದು ಏನು ತಿನ್ನಿಸುತ್ತಿದ್ದೆ, ಮೋಸಗಾತಿ?

ನನ್ನ ಜೇಬಿನಲ್ಲಿ ಏನೂ ಇರಲಿಲ್ಲ. ಅದು ಮೂಸುತ್ತಲೇ ಇತ್ತು.