ಪಾಳಿ ತಪ್ಪಿದ ನೀರು

ಮಸ್ಕಿ
ಕಾರಹುಣ್ಣಿಮೆಯ ಮರುದಿನ, ೧೯೯೭

ಲಿಂಗಸುಗೂರಿನಲ್ಲಿ ಗಂಡ, ಕೂಸಿನೊಂದಿಗೆ ಸುಖವಾಗಿರುವ ನನ್ನ ತಂಗಿಯ ಮಗಳು ಕಸ್ತೂರೆಮ್ಮನಿಗೆ, ಮಾಮ ಬಾಲಪ್ಪ ಮಾಡುವ ಆಶೀರ್ವಾದ. ಇದರ ಕೆಳಗೆ ‘ನಾನು ಇಲ್ಲಿ ಕ್ಷೇಮ’ ಎಂದು ಬರೆಯುವುದು ನನ್ನ ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ.

ನಿನ್ನ ಕಾಗದ ಸೋಮವಾರವೇ ಬಂತು. ತುರ್ವಿಹಾಳದ ಹುಸೇನ್‌ಸಾಬ್ ಹಾಸಿಗೆ ಹಿಡಿದಿದ್ದಾನೆ, ಕಣ್ಣು ಮುಚ್ಚುವುದರೊಳಗೆ ಆದಮ್ಮನ ಮಗಳನ್ನು ಒಮ್ಮೆ ಕರೆಸಿರಿ ಎಂದು ಹೇಳಿಕಳಿಸಿದ್ದಾನೆ ಎಂದು ಬರೆದಿದ್ದೀ. ಅದರ ಕೆಳಗೆ ನಿನ್ನ ಉತ್ತರವನ್ನೂ ಬರೆದಿದ್ದೀ. “ನಮ್ಮವ್ವನ್ನ ನೀರಿಗೆ ಕೊಟ್ಟಾವನ ಮಾರಿ ನಾ ಯಾಕ ನೋಡ್ಲಿ ಮಾಮಾ? ಒಳಗಿನ ದನಿ ಕೇಳು ಅಂತ ನೀನ ಕಲಿಸೀದಿ. ಕೇಳೀನಿ. ಬ್ಯಾಡ ಅಂತೈತಿ.” ಆ ಸಾಲಿಗಾಗಿ ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಕಾಗದದ ಮಡಿಕೆ ಹರಿದುಹೋಗಿದೆ.

ಒಳಗಿನ ದನಿಯ ಬಗ್ಗೆ ನಿನಗೆ ನಾನು ಕಲಿಸಿದ್ದು ಅರ್ಧ. ಉಳಿದರ್ಧ ಹದಿನಾರು ವರ್ಷದಿಂದ ನನ್ನ ಗಂಟಲಲ್ಲೇ ಕೂತಿದೆ. ಕಸ್ತೂರಿ, ಆವತ್ತು ತೂಬು ಎತ್ತಿದವನು ಹುಸೇನ್‌ಸಾಬ್ ಅಲ್ಲ. ನಾನು.

ಇಷ್ಟು ಓದಿ ನೀನು ಕಾಗದ ಕೆಳಗಿಟ್ಟರೆ ಇಡು. ಕೂಸಿಗೆ ಉಣಿಸಿ, ಮಲಗಿಸಿ, ಮನಸ್ಸಾದಾಗ ಮತ್ತೆ ತೆಗೆದುಕೋ. ಆದರೆ ಪೂರ್ತಿ ಓದು.

ನನ್ನ ಹತ್ತಿರ ಏಳು ಹಾಳೆಗಳಿದ್ದವು, ನಿನಗೆ ನೆನಪಿರಬೇಕು. ಕಿರಾಣಿ ಅಂಗಡಿಯ ರಹಮಾನಸಾಬ ರದ್ದಿಯಲ್ಲಿ ಕೊಂಡ ಯಾವುದೋ ಪುಸ್ತಕ ಹರಿದು ಸಕ್ಕರೆ, ಚಹಾಪುಡಿ ಕಟ್ಟಿಕೊಡುತ್ತಿದ್ದ. ಮೂರನೇ ಇಯತ್ತೆಗೆ ಸಾಲೆ ಬಿಟ್ಟ ನಾನು ಓದಲು ಕಲಿತದ್ದೇ ಇಂಥ ಪುಡಿಕೆಗಳಿಂದ. ಆ ಪುಸ್ತಕಕ್ಕೆ ರಟ್ಟಿರಲಿಲ್ಲ, ಬರೆದವನ ಹೆಸರಿರಲಿಲ್ಲ. ನೂರಾರು ವರ್ಷದ ಹಿಂದೆ ಪರದೇಶದಲ್ಲಿ ಕೆಲವರು ಹೀಗೆ ಯೋಚಿಸಿದ್ದರು ಎಂಬುದಷ್ಟೇ ತಿಳಿಯುತ್ತಿತ್ತು. ಮಂದಿ ತುಳಿದ ದಾರಿಯನ್ನೇ ತುಳಿಯಬೇಡ. ಕಡಿಮೆ ಇಟ್ಟುಕೋ, ಕಡಿಮೆ ಮಾತಾಡು. ಗಿಡದ ಕೆಳಗೆ ಒಬ್ಬನೇ ಕೂತು ನೋಡು, ಗುಡಿಯಲ್ಲಿ ಸಿಗದ್ದು ಅಲ್ಲಿ ಸಿಕ್ಕೀತು. ಹೀಗೆಲ್ಲ ಇತ್ತು. ನಾನು ಹಾಳೆಗಾಗಿ ಬೇಡದ ಸಾಮಾನು ಕೊಳ್ಳುವುದನ್ನು ನೋಡಿ ರಹಮಾನಸಾಬ, “ಏನೋ ಬಾಲಪ್ಪ, ಮಂದಿ ಸಕ್ಕರಿ ಉಂಡು ಕಾಗದ ಒಗಿತಾರ, ನೀ ಕಾಗದ ಉಂಡು ಸಕ್ಕರಿ ಒಗಿತೀದಿ” ಅನ್ನುತ್ತಿದ್ದ.

ಏಳನೆಯ ಹಾಳೆಯ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. ‘ನಿನ್ನೊಳಗೆ ಮಾತಾಡುವುದು ನಿನ್ನೊಬ್ಬನದಲ್ಲ, ಅದು’ ಎಂದು. ಅಷ್ಟೇ. ಮುಂದಿನ ಹಾಳೆ ಯಾರದೋ ಮನೆಗೆ ಮೆಣಸಿನಕಾಯಿ ಕಟ್ಟಿಕೊಂಡು ಹೋಗಿತ್ತು. ನಾನೇ ಮುಂದಿನದನ್ನು ಊಹಿಸಿಕೊಂಡೆ. ಅದು ದೇವರದು ಅಂದುಕೊಂಡೆ. ದೇವರದಾದ ಮೇಲೆ ತಪ್ಪೆಲ್ಲಿಂದ ಬಂತು?

ಆಗ ನಾನೂ ಹುಸೇನ್‌ಸಾಬನೂ ನಮ್ಮ ಹಳೆಯ ಊರಿನ ಉಪಕಾಲುವೆಯ ತೂಬು ಕಾಯುವ ಗ್ಯಾಂಗ್‌ಮನ್‌ಗಳು. ನೀರಿಗೆ ಪಾಳಿ ಇತ್ತು. ವಾರದಲ್ಲಿ ನಾಲ್ಕು ದಿನ ನೀರು, ಮೂರು ದಿನ ಬಂದ್. ಪಾಳಿಯ ಚೀಟಿ ಚಾವಡಿ ಗೋಡೆಗೆ ಅಂಟಿಸಿರುತ್ತಿತ್ತು, ಓದಲು ಬಾರದವರಿಗೂ ಅದು ಬಾಯಿಪಾಠ. ಬಂದ್ ಇದ್ದ ದಿನ ಕುರಿಗಳು ಕಾಲುವೆಯೊಳಗೇ ಇಳಿದು ಆಚೆ ದಂಡೆಗೆ ಹೋಗುತ್ತಿದ್ದವು. ತಗ್ಗಿನಲ್ಲಿ ಉಳಿದ ನೀರಿನಲ್ಲಿ ಹೆಣ್ಣುಮಕ್ಕಳು ಅರಿವೆ ಒಗೆಯುತ್ತಿದ್ದರು.

ಎಂಬತ್ತೊಂದನೆಯ ಇಸವಿ. ಯುಗಾದಿಗೆ ಇನ್ನೂ ಎಂಟು ಹತ್ತು ದಿನ ಇತ್ತು. ಆವತ್ತು ಶುಕ್ರವಾರ, ನೀರು ಬರಬೇಕಾದದ್ದು ಸೋಮವಾರ. ತೂಬಿನ ಮೇಲೆ ಹುಸೇನ್‌ಸಾಬನ ಡ್ಯೂಟಿ. ಮಧ್ಯಾಹ್ನದ ಮುಂದೆ ಅವನು ಬಂದು, “ಜುಮ್ಮಾಕ್ಕ ಹೋಗಿ ಬರ್ತೀನೋ ಬಾಲಪ್ಪ, ಇದರ ಮ್ಯಾಲ ಕಣ್ಣಿರಲಿ” ಎಂದು ತೂಬಿನ ಹ್ಯಾಂಡಲ್ ನನ್ನ ಕೈಗೆ ಕೊಟ್ಟು ಸೈಕಲ್ ಹತ್ತಿದ.

ಅವನು ಹೋದ ಹಿಂದೆಯೇ ಕೆಳಗಿನ ಹೊಲದ ಮುದುಕಮ್ಮ ಬಂದಳು. ಕಾಲುವೆಯ ಬಾಲದ ಕಡೆ ಅವಳದು ಎರಡೆಕರೆ ಭತ್ತ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನೆದುರು ಕೂತು ಶುರು ಮಾಡಿದಳು. “ಹಾಳಿ ಓದಿ ಓದಿ ಬಾಲಪ್ಪ ಸಾಮಿ ಆಗ್ಯಾನ ಅಂತಾರ ಊರಾಗ. ಹೌದೇನು?” ಸೋಮವಾರ ನೀರು ಬರ್ತದ ಹೋಗಬೇ ಎಂದೆ. “ತೆನಿ ಹಾಲು ತುಂಬಾಕತ್ಯಾವ. ಕೂಸು ಅತ್ರ ಸೋಮವಾರ ಮಲಿ ಕೊಡ್ತೀನಿ ಅಂತಾರೇನೋ? ನಿನ್ನ ಹಾಳ್ಯಾಗ ಹಂಗ ಬರದೈತೇನು?”

ನಗು ಬಂತು ನನಗೆ. ನಗುವಿನ ಹಿಂದೆಯೇ ಎದೆಯೊಳಗೆ ಆ ದನಿ ಎದ್ದಿತು. ತೂಬಿನ ಈಚೆ ನೀರು ತುಂಬಿ ತುಳುಕುತ್ತಿದೆ, ಆಚೆ ಪೈರು ಬಾಡುತ್ತಿದೆ. ನಡುವೆ ಇರುವುದು ಗೋಡೆಗಂಟಿಸಿದ ಒಂದು ಚೀಟಿ. ಚೀಟಿ ದೊಡ್ಡದೋ ಎದೆ ದೊಡ್ಡದೋ? ಸುಳ್ಳು ಹೇಳುವುದಿಲ್ಲ, ಆ ಗಳಿಗೆ ನನಗೆ ಬಹಳ ಸೊಗಸಾಗಿತ್ತು. ಬೇವಿನ ಗಿಡದಲ್ಲಿ ಗಾಳಿ ಆಡುತ್ತಿತ್ತು. ಜೀವನದಲ್ಲಿ ಮೊದಲನೆಯ ಸಲ ಹಾಳೆಯ ಮಾತನ್ನು ಕೈಯಲ್ಲಿ ಮಾಡಿ ತೋರಿಸುತ್ತಿದ್ದೇನೆ ಅನ್ನಿಸಿತು. ಹ್ಯಾಂಡಲ್ ಹಾಕಿ ತಿರುಗಿಸಿದೆ. ಒಂದು ಗೇಣು ಸಾಕಿತ್ತು. ನಾನು ಪೂರ್ತಿ ಎತ್ತಿದೆ.

ಕೆಳಗಿನ ತಿರುವಿನ ಕಡೆಯಿಂದ ದಪ್, ದಪ್ ಎಂದು ಸಪ್ಪಳ ಬರುತ್ತಿತ್ತು. ಯಾರದೋ ಕಣದಲ್ಲಿ ಕಡಲೆ ಬಡಿಯುತ್ತಿದ್ದಾರೆ ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅದು ನಿಂತಿತು. ನಿಂತದ್ದು ನನ್ನ ಕಿವಿಗೆ ತಿಳಿಯಿತು, ಕಸ್ತೂರಿ. ಊಟಕ್ಕೆ ಕೂತಿರಬೇಕು ಅಂದುಕೊಂಡೆ.

ಅದು ನಿಮ್ಮವ್ವ ಕೌದಿ ಬಡಿಯುವ ಸಪ್ಪಳ. ಹಬ್ಬದ ಮುಂದೆ ಮನೆಯ ಹಾಸಿಗೆಯನ್ನೆಲ್ಲ ಒಗೆಯಲು ಓಣಿಯವರೊಂದಿಗೆ ಬಂದಿದ್ದಳು. ಶುಕ್ರವಾರ ನೀರಿಲ್ಲ ಎಂದು ಅವಳಿಗೆ ಹೇಳಿದ್ದವನು ನಾನೇ, ಹಿಂದಿನ ಸಂಜೆ, ಅವಳ ಕೈಯ ರೊಟ್ಟಿ ತಿನ್ನುತ್ತ. ನೀರು ನುಗ್ಗಿದಾಗ ಎಲ್ಲರೂ ಮೇಲೆ ಹತ್ತಿದರು, ಅವಳೂ ಹತ್ತಿದಳು. ನಮ್ಮವ್ವ ಹಳೆ ಸೀರೆಯ ತುಂಡುಗಳಿಂದ ಹೊಲಿದ ಕೌದಿ ತೇಲಿಹೋಗುವುದನ್ನು ಕಂಡು ಮತ್ತೆ ಇಳಿದಳಂತೆ. ನೆನೆದ ಕೌದಿ ಎಷ್ಟು ಭಾರ ಎಂದು ನಿನಗೆ ಹೇಳಬೇಕಾಗಿಲ್ಲ. ನಮಾಜು ಮುಗಿಸಿ ದಂಡೆಗುಂಟ ಬರುತ್ತಿದ್ದ ಹುಸೇನ್‌ಸಾಬ್ ಸೈಕಲ್ ಒಗೆದು ನೀರಿಗೆ ಬಿದ್ದ. ಅವಳನ್ನು ಮೇಲೆ ತಂದವನು ಅವನೇ. ಅಷ್ಟು ಹೊತ್ತಿಗೆ ಏನೂ ಉಳಿದಿರಲಿಲ್ಲ.

ಮೂರನೆಯ ದಿನ ವಿಚಾರಣೆಗೆ ನೀರಾವರಿ ಇಲಾಖೆಯ ಮೇಲಿನವರು ಚಾವಡಿಗೆ ಬಂದರು. ತೂಬು ಎತ್ತಿದವರು ಯಾರು ಎಂದು ಕೇಳಿದರು. ಆ ದಿನದ ಡ್ಯೂಟಿ ಹುಸೇನ್‌ಸಾಬನ ಹೆಸರಿನಲ್ಲಿತ್ತು. ನೀನು ನನ್ನ ಹೆಗಲ ಮೇಲಿದ್ದಿ, ಆರು ವರ್ಷದ ಕೂಸು. ಅಪ್ಪನ ಮುಖವನ್ನಂತೂ ನೀನು ನೋಡಿಯೇ ಇರಲಿಲ್ಲ. ನನ್ನ ಅಂಗಿಯ ಕಾಲರನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಿ. ಹುಸೇನ್‌ಸಾಬ್ ನನ್ನನ್ನು ನೋಡಿದ. ಆಮೇಲೆ ನಿನ್ನನ್ನು. “ನಾನರೀ” ಎಂದ.

ನಾನು ಬಾಯಿ ಬಿಡಲಿಲ್ಲ. ಕೂಸಿಗಾಗಿ ಸುಮ್ಮನಿರು ಎಂದು ಎದೆಯೊಳಗಿನ ದನಿ ಹೇಳಿತು, ಅದೇ ದನಿ, ಅದೇ ರಾಗ. ಅವನ ಕೆಲಸ ಹೋಯಿತು. ಊರು ಅವನನ್ನು ಮಾತಾಡಿಸುವುದು ಬಿಟ್ಟಿತು, ಅವನು ಹೆಂಡತಿ ದಾವಲ್‌ಬೀಯನ್ನು ಕರೆದುಕೊಂಡು ತುರ್ವಿಹಾಳಕ್ಕೆ ಹೋದ. ಸುಗ್ಗಿಯಲ್ಲಿ ಮುದುಕಮ್ಮ ಒಂದು ಬುಟ್ಟಿ ಹೊಸ ಅಕ್ಕಿ ತಂದು ನನ್ನ ಬಾಗಿಲಲ್ಲಿಟ್ಟಳು. ಅವಳಿಗೆ ಎಲ್ಲ ಗೊತ್ತಿತ್ತು. ಸಾಯುವ ತನಕ ಅವಳು ಮತ್ತೆ ನನ್ನ ಓಣಿಗೆ ಬರಲಿಲ್ಲ. ಆ ಅಕ್ಕಿಯ ಅನ್ನವನ್ನು ನಿನಗೆ ಉಣಿಸಿದೆ. ನೀನು ಇನ್ನಷ್ಟು ಹಾಕು ಅಂದಿ.

ನಿನ್ನನ್ನು ಮಸ್ಕಿಗೆ ಕರೆತಂದ ಮೇಲೆ ದಿನಾ ಮುಂಜಾನೆ ಗುಡ್ಡದ ಮೇಲೆ ಕೂಡಿಸಿ, ಮಾತಾಡದೆ ಕೂಡು, ಒಳಗೆ ಏನು ಕೇಳುತ್ತದೆ ಹೇಳು ಎಂದು ಕಲಿಸಿದೆನಲ್ಲ, ಅದು ನಿನಗಾಗಿ ಎಂದು ತಿಳಿದಿದ್ದೆ. ಒಂದು ದಿನ ನೀನು, “ಮಾಮಾ, ನನಗ ಹಸಿವು ಅಂತ ಕೇಳಾಕತ್ತೈತಿ” ಅಂದಿದ್ದಿ. ಇಬ್ಬರೂ ನಕ್ಕು ಇಳಿದುಬಂದೆವು. ನಾನು ಕೂತಲ್ಲಿ ನನಗೆ ಕೇಳುತ್ತಿದ್ದುದು ಬೇರೆ. ದಪ್, ದಪ್. ಸಪ್ಪಳಕ್ಕೆ ನಾನು ಅಂಜುವುದಿಲ್ಲ, ಅದು ನಿಲ್ಲುವುದಕ್ಕೆ ಅಂಜುತ್ತೇನೆ. ಈಗಲೂ ಪಕ್ಕದ ಮನೆಯ ಹಸೀನಾಬೀ ಕೌದಿ ಒಗೆಯುವಾಗ ಬಡಿಯುವುದು ನಿಂತರೆ ಹೊರಗೆ ಓಡುತ್ತೇನೆ. “ಯಾಕ್ರೀ ಮಾಮಾ, ಸುಸ್ತಾಗಿ ಕುಂತ್ರ ಅದಕ್ಕೂ ಬಂದು ನೋಡ್ತೀರಲ್ಲ, ನಾ ಏನು ನಿಮ್ಮ ಕೂಲಿಯಾಕಿ ಏನು?” ಎಂದು ನಗುತ್ತಾಳೆ ಅವಳು. ಕಾಲುವೆ ಬತ್ತಿರುವ ಈ ದಿನಗಳಲ್ಲಿ ಯಾರೂ ಒಗೆಯದಿದ್ದರೂ ಕೇಳುತ್ತದೆ. ನಡುಮಧ್ಯಾಹ್ನ, ಊಟಕ್ಕೆ ಕೂತಾಗ. ತುತ್ತು ಕೈಯಲ್ಲಿ ಹಿಡಿದು, ನಿಲ್ಲಬಾರದು ಎಂದು ಕಾಯುತ್ತೇನೆ. ನಿಲ್ಲುತ್ತದೆ.

ಎಂಬತ್ತೊಂಬತ್ತರಲ್ಲಿ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಹುಸೇನ್‌ಸಾಬ್ ಸಿಕ್ಕ. ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಹೊತ್ತು ಒಂದು ಹೆಗಲು ಇಳಿದಿತ್ತು. ನಾನು ತಪ್ಪಿಸಿಕೊಳ್ಳಲು ನೋಡಿದೆ. ಅವನೇ ತೋಳು ಹಿಡಿದು ಚಹಾ ಕುಡಿಸಿದ. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಚಹಾವನ್ನು ಬಸಿಗೆ ಸುರುವಿಕೊಂಡ. “ಆ ಕೂಸು ನಿನ್ನ ಅಂಗಿ ಹಿಡಕೊಂಡಿತ್ತಲ್ಲೋ. ಮೂರು ದಿನದ ಹಿಂದ ಅವ್ವನ್ನ ಕಳಕೊಂಡಿತ್ತು. ಅದರ ಕೈಯಾಗಿಂದ ಅಂಗೀನೂ ಬಿಡಸಬೇಕೇನು? ನನ್ನ ಕೈಲಿ ಆಗಲಿಲ್ಲ. ಮತ್ತ ಹ್ಯಾಂಡಲ್ ಕೊಟ್ಟು ಹೋದಾವ ನಾನ ಅಲ್ಲೇನು?” ಎಂದ. ಎದ್ದು ಹೊರಡುವಾಗ, “ನಿನ್ನ ಹಾಳ್ಯಾಗ ಇಂಥದ್ದೇನಾರ ಬರದೈತೇನೋ? ನನಗ ಓದಾಕ ಬರಂಗಿಲ್ಲ ನೋಡು” ಎಂದು ನಕ್ಕ. ತಮಾಷೆಗೆ ಅಂದದ್ದು. ಮೆಣಸಿನಕಾಯಿ ಕಟ್ಟಿಕೊಂಡು ಹೋದ ಆ ಎಂಟನೆಯ ಹಾಳೆ ಅವನ ಬಾಯಲ್ಲಿತ್ತು.

ಒಳಗಿನ ದನಿಯೇ ಸುಳ್ಳು ಎಂದು ಹೇಳಲು ಕೂತಿಲ್ಲ ನಾನು. ಅದು ನಿಜ. ತುಂಗಭದ್ರೆಯ ನೀರು ಎಲ್ಲ ತೂಬಿನಲ್ಲೂ ಹರಿಯುವ ಹಾಗೆ ಅದೂ ಎಲ್ಲರ ಎದೆಯಲ್ಲಿ ಹರಿಯುತ್ತದೆ, ನಿಮ್ಮವ್ವನಲ್ಲೂ, ಮುದುಕಮ್ಮನಲ್ಲೂ, ಹುಸೇನ್‌ಸಾಬನಲ್ಲೂ. ನಾನು ನನ್ನ ತೂಬಿಗೆ ಮಾತ್ರ ಕಿವಿಯಿಟ್ಟೆ. ಚೀಟಿ ಅಂದರೆ ಬರೀ ಕಾಗದ ಎಂದು ತಿಳಿದೆ. ಅದು ಮಂದಿಗೆ ಕೊಟ್ಟ ಮಾತು, ಆ ಮಾತು ನಂಬಿ ನನ್ನ ತಂಗಿ ಕಾಲುವೆಗೆ ಇಳಿದಿದ್ದಳು. ಇನ್ನೊಂದು ಮಾತು. ಸೊಕ್ಕು ಕೂಡ ಒಳಗಿನಿಂದಲೇ ಮಾತಾಡುತ್ತದೆ, ಅಂಜಿಕೆಯೂ. ಗುರುತು ಹಿಡಿಯುವುದು ಹೇಗೆ ಎಂದು ಕೇಳಿದರೆ, ನನಗೆ ತಿಳಿದದ್ದು ಇಷ್ಟೇ. ಚಾವಡಿಯಲ್ಲಿ ನನ್ನೊಳಗಿನ ದನಿ ನನ್ನ ಭಾರವನ್ನು ಇನ್ನೊಬ್ಬನ ಹೆಗಲಿಗೆ ಹಾಕಿತು, ಅವನೊಳಗಿನ ದನಿ ಅದನ್ನು ಹೊತ್ತುಕೊಂಡಿತು. ಹೋಗಬೇಡ ಎಂದು ನಿನಗೆ ಹೇಳುತ್ತಿರುವುದು ಯಾವುದು ಎಂದು ನೀನೇ ನೋಡಿಕೋ. ಅದರ ಕೈಗೆ ಸುಳ್ಳು ಕೊಟ್ಟವನು ನಾನು, ತಪ್ಪು ಅದರದಲ್ಲ.

ನಿನಗೆ ಹೇಳಿದ ಇನ್ನೊಂದು ಸುಳ್ಳೂ ಇದೆ. ಕೌದಿ ನೀರಿನಲ್ಲಿ ಹೋಯಿತು ಎಂದಿದ್ದೆ. ಹೋಗಿಲ್ಲ. ಹುಸೇನ್‌ಸಾಬ್ ನಿಮ್ಮವ್ವನನ್ನು ಮೇಲೆ ತಂದಾಗ ಅದು ಅವಳ ಕೈಯಲ್ಲೇ ಇತ್ತು. ನಾನು ಅದನ್ನು ಮನೆಯೊಳಗೆ ತರಲು ಒಪ್ಪಲಿಲ್ಲ. ದಾವಲ್‌ಬೀ ಒಯ್ದು ಒಣಗಿಸಿ, ಬೇವಿನೆಲೆ ಹಾಕಿ ಟ್ರಂಕಿನಲ್ಲಿಟ್ಟಿದ್ದಾಳೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತಾಳಂತೆ, ಬಡಿಯುವುದಿಲ್ಲವಂತೆ. ಸಿಂಧನೂರಿನಲ್ಲಿ ಸಿಕ್ಕ ದಿನ ಅವನೇ ಹೇಳಿದ, ಅದನ್ನು ನಿನ್ನ ಕೈಗೇ ಒಪ್ಪಿಸಬೇಕೆಂದು. ಹುಸೇನ್‌ಸಾಬ್ ನಿನ್ನನ್ನು ಕರೆಯುತ್ತಿರುವುದು ಅದಕ್ಕೇ. ಕ್ಷಮೆ ಕೇಳುವುದಕ್ಕೆ ಎಂದು ನೀನು ತಿಳಿದಿದ್ದೀ. ಅವನು ನಿನ್ನ ಅವ್ವನ ಕೌದಿ ನಿನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಬೇಕು ಅನ್ನುತ್ತಾನೆ.

ನಾನು ಗುರುವಾರ ಮುಂಜಾನೆಯ ಮೊದಲ ಬಸ್ಸಿಗೆ ಹೋಗುತ್ತೇನೆ. ಮೊದಲು ನಮ್ಮ ಹಳೆಯ ಊರಿನ ಚಾವಡಿ ಕಟ್ಟೆಗೆ, ಅಲ್ಲಿ ಕೂತವರೆದುರು ಹೇಳಬೇಕಾದದ್ದನ್ನು ಹೇಳಿ, ಆಮೇಲೆ ತುರ್ವಿಹಾಳಕ್ಕೆ. ಮೇಲಿನವರಿಗೂ ಒಂದು ಅರ್ಜಿ ಬರೆದು ಇದರ ಜೊತೆಗೇ ಅಂಚೆಗೆ ಹಾಕುತ್ತಿದ್ದೇನೆ. ನೀನು ಬರುವುದಾದರೆ ನಿನ್ನ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ನಾನು ಅದನ್ನು ಹತ್ತುವುದಿಲ್ಲ. ನನ್ನ ಪಕ್ಕ ಕೂರಬೇಕೋ ಬೇಡವೋ ಎಂಬ ಸಂಕಟ ನಿನಗೆ ಬೇಡ. ಅಲ್ಲಿ ನಾನು ಅಂಗಳದಲ್ಲಿರುತ್ತೇನೆ, ನೀನು ನನ್ನನ್ನು ದಾಟಿ ನೆಟ್ಟಗೆ ಒಳಗೆ ಹೋಗು. ನಿನಗಾಗಿ ಹೆಸರು ಕಳೆದುಕೊಂಡವನು ಒಳಗೆ ಮಲಗಿದ್ದಾನೆ.

ಆ ಕೌದಿಯ ಒಂದು ಮೂಲೆಯಲ್ಲಿ ನೀನು ಹುಟ್ಟಿದಾಗ ತಲೆಗೆ ತೊಡಿಸಿದ ಕೆಂಪು ಕುಲಾಯಿಯ ತುಂಡು ಇದೆ. ನಿಮ್ಮವ್ವ ಹಚ್ಚಿದ್ದು. ನಿನ್ನ ಕೂಸನ್ನು ಅದರ ಮೇಲೆ ಮಲಗಿಸು. ಅದಕ್ಕೆ ಒಳ್ಳೆಯ ನಿದ್ದೆ ಬರಲಿ, ನಿನಗೂ ಬರಲಿ.

ಇಲ್ಲಿ ಮತ್ತೆ ಮಾಮ ಎಂದು ಬರೆಯಲು ಕೈ ಏಳುತ್ತಿಲ್ಲ. ಆ ಹೆಸರು ಇಟ್ಟುಕೊಳ್ಳಬಹುದೋ ಇಲ್ಲವೋ, ಗುರುವಾರದ ಮೇಲೆ ನೀನೇ ಹೇಳಬೇಕು.

ಬಾಲಪ್ಪ