ಮೊದಲ ಚಮಚ

ಕಾರಾಗೃಹದ ವಸತಿಗೃಹ,
ನೀರಿನ ಟ್ಯಾಂಕಿನ ಪಕ್ಕದ ಮನೆ.
ದಿನಾಂಕ ಹದಿನಾಲ್ಕು, ಬುಧವಾರ

ಪ್ರೀತಿಯ ಇವಳೇ,

೧. ಅರ್ಜಿದಾರ: ನಿನ್ನ ಗಂಡ, ಕಾರಾಗೃಹದ ಅಡುಗೆಮನೆಯ ಮುಖ್ಯಸ್ಥ, ಇದೇ ಶುಕ್ರವಾರ ನಿವೃತ್ತಿ.
೨. ಎದುರುದಾರಳು: ನೀನು, ಹೊಟ್ಟೆಯ ಆಪರೇಷನ್ ಆಗಿ ಮಗಳ ಮನೆಯಲ್ಲಿ ಆರೈಕೆಯಲ್ಲಿರುವವಳು.
೩. ವಿಷಯ: ಎದುರುದಾರಳು ಊಟ ಬಿಟ್ಟಿರುವುದು.

ಮೇಲ್ಕಂಡ ವಿವರಗಳನ್ನು ಓದಿ ನಗು ಬಂದರೆ ನಕ್ಕುಬಿಡು. ಹೊಲಿಗೆ ಎಳೆಯುವಷ್ಟು ಮಾತ್ರ ಬೇಡ. ಹಿಡಿ ಉಪ್ಪು ಬೇಕಾದರೂ ಅರ್ಜಿ ಬರೆದೇ ತಲೆ ಹಣ್ಣು ಮಾಡಿಕೊಂಡವನಿಗೆ ಬೇರೆ ಬಗೆಯ ಕಾಗದ ಬಾರದು. ನನ್ನ ಒಂದು ಅರ್ಜಿಯನ್ನೂ ಯಾವ ಅಧಿಕಾರಿಯೂ ತಿರುಗಿ ಕಳಿಸಿಲ್ಲವೆಂಬುದನ್ನು ಸವಿನಯವಾಗಿ ನೆನಪಿಸುತ್ತೇನೆ. ನೋವು ಇಳಿಯಿತೇ? ಜ್ವರ ಮರುಕಳಿಸಿಲ್ಲ ತಾನೇ? ಮಗಳು ಫೋನಿನಲ್ಲಿ ಅತ್ತಳು. ಗಂಜಿ ಕೊಟ್ಟರೆ ನೋಡುತ್ತಾ ಕೂರುತ್ತೀಯಂತೆ, ಬ್ರೆಡ್ಡನ್ನು ಚೂರು ಮಾಡಿ ಬದಿಗಿಡುತ್ತೀಯಂತೆ, ಹೀಗೇ ಆದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕೆಂದು ಡಾಕ್ಟರು ಅಂದರಂತೆ. ಕೇಳಿದರೆ "ಗಂಟಲಲ್ಲಿ ಇಳಿಯಲ್ಲ ಬಿಡೇ" ಅನ್ನುತ್ತೀಯಂತೆ. ಬೇಳೆ ಬೇಯಿಸುವುದರಿಂದ ಹಿಡಿದು ಉಪ್ಪಿನ ಹದದವರೆಗೆ ಅವಳಿಗೆ ಪಾಠ ಹೇಳಿದೆ; ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಇಲ್ಲಿನ ಕಟ್ಟಳೆ ನಿನಗೆ ಗೊತ್ತಿರುವುದೇ: ತಟ್ಟೆಗಳಿಗೆ ಬಡಿಸಿದ ಮೇಲೆ ಮೊದಲ ಚಮಚ ನಾನು ಎಲ್ಲರೆದುರು ತಿಂದು, ನುಂಗಿ ತೋರಿಸಬೇಕು, ಆಮೇಲೆ ಕೈದಿಗಳು ಊಟಕ್ಕೆ ಕೈ ಹಾಕುವುದು. ನಿನ್ನೆ ಮಧ್ಯಾಹ್ನ ಬೇಳೆಯಲ್ಲಿ ಚಮಚ ಅದ್ದಿದವನು ನಿನ್ನ ಚಿಂತೆಯಲ್ಲಿ ಹಾಗೇ ನಿಂತುಬಿಟ್ಟೆ. ಎಚ್ಚರವಾದಾಗ ಸಾಲು ಸಾಲು ತಟ್ಟೆಗಳಲ್ಲಿ ಹಬೆ ಆರಿತ್ತು, ಒಬ್ಬನೂ ಮುಟ್ಟಿರಲಿಲ್ಲ. ಆಲೂಗಡ್ಡೆ ಸುಲಿಯುವ ಹಳೆಯ ಕೈದಿ, ಎಲ್ಲರೂ ಅಜ್ಜ ಎಂದು ಕರೆಯುವವನು, ಮೆಲ್ಲಗೆ ಹೇಳಿದ: "ನಿಧಾನಕ್ಕೆ ತಿನ್ನಿ ಯಜಮಾನ್ರೇ, ನಮಗೇನು ಬಸ್ಸು ತಪ್ಪಲ್ಲ. ಆದ್ರೆ ನೀವು ತಿನ್ನದೆ ನಮ್ಮ ಗಂಟಲಲ್ಲೂ ಇಳಿಯಲ್ಲ."

ಆ ಮಾತಿಗೆ ನಮ್ಮ ಮನೆಯ ಅಡುಗೆಕೋಣೆ ಕಣ್ಣಿಗೆ ಕಟ್ಟಿತು. ಮದುವೆಯಾದ ಹೊಸತರಲ್ಲಿ ಅಭ್ಯಾಸಬಲದಿಂದ ನಿನ್ನ ಅಡುಗೆಗೂ ನಾನು ಮೊದಲ ಚಮಚ ಹಾಕಿದಾಗ "ನಾನೇನು ವಿಷ ಬೆರೆಸಿದೀನಾ?" ಎಂದು ಮುಖ ಊದಿಸಿಕೊಂಡವಳು ನೀನು. ಬರಬರುತ್ತಾ ನೀನೇ ಸೌಟು ಹಿಡಿದು ನನ್ನ ಬಾಯಿಯ ಮುಂದೆ ನಿಲ್ಲತೊಡಗಿದೆ. ನಾನು ನುಂಗಿ ತಲೆಯಾಡಿಸದೆ ತಟ್ಟೆ ಎಳೆದುಕೊಂಡವಳಲ್ಲ ನೀನು. ಇಲ್ಲಿನವರಿಗೆ ನಿಯಮವಾಗಿದ್ದದ್ದು ನಿನಗೆ ಹಸಿವೇ ಆಗಿಹೋದದ್ದು ಯಾವಾಗಲೋ, ಇಬ್ಬರಿಗೂ ತಿಳಿಯಲಿಲ್ಲ. ಆದಕಾರಣ ಮಗಳ ಕೈರುಚಿಯಲ್ಲಿ ಯಾವ ಲೋಪವೂ ಇಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.

ಸಾಹೇಬರು ಇನ್ನೊಂದು ವರ್ಷ ಇರಿ ಎಂದಿದ್ದಾರೆ. "ಇವರ ಹೊಟ್ಟೆಗೆ ನಿಮ್ಮ ಬಾಯೇ ಜಾಮೀನು" ಅಂದರು. ಎದೆ ಉಬ್ಬಿದ್ದು ಸುಳ್ಳಲ್ಲ. ಇಂದು ಸಂಜೆಯೊಳಗೆ ಉತ್ತರ ಕೊಡಬೇಕಾಗಿದೆ.

ಮಗಳಿಗೂ ಅಳಿಯನಿಗೂ ಆಶೀರ್ವಾದ. ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಚಿವುಟು. ಬೇಗ ಮಾಯಬೇಕೆಂದು ಹೊಲಿಗೆಗೆ ನನ್ನ ಆಜ್ಞೆ. ನಿನಗೆ ಮಾತ್ರ ವಿನಂತಿ.

ಸಹಿ: ಸದಾ ನಿನ್ನವನೇ ಆದ ಅರ್ಜಿದಾರ

ವಿ.ಸೂ.: ಟಪಾಲಿನವನು ಬಾಗಿಲಲ್ಲಿದ್ದಾನೆ. ಸಾಹೇಬರಿಗೆ ಆಗದೆಂದು ಹೇಳಿ ಬಂದೆ. ಇನ್ನು ಮೇಲೆ ಇಲ್ಲಿನ ಮೊದಲ ಚಮಚ ಅಜ್ಜನದು, ಎಲ್ಲರೂ ಒಪ್ಪಿದ್ದಾರೆ. ನಾನು ಹೊರಡುವ ಕಾರಣ ಕೇಳಿದ ಅಜ್ಜನೇ ಮರಗೆಲಸದ ಕೊಠಡಿಯಲ್ಲಿ ಕೂತು ನಿನಗೆಂದು ಕೆತ್ತಿಕೊಟ್ಟದ್ದನ್ನು ಜೊತೆಗಿಟ್ಟಿದ್ದೇನೆ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅಲ್ಲಿಯ ತನಕ ಮಗಳು ಅದರಲ್ಲಿ ನಿನ್ನೆದುರು ಮೊದಲು ತಿಂದು, ನುಂಗಿ ತೋರಿಸಲಿ. ಆಮೇಲೆ ನೀನು ತಿನ್ನು.

ಲಗತ್ತು: ಮರದ ಚಮಚ, ಒಂದು (ಗೇಟಿನಲ್ಲಿ ತಪಾಸಣೆಯಾಗಿದೆ).