ಬತ್ತಿಯ ಹತ್ತಿ

೧೪ ನವೆಂಬರ್ ೧೯೯೬, ಗುರುವಾರ. ಹೊಸಪೇಟೆ.

ಇಂದು ಅಮ್ಮನ ಮೊದಲ ವರ್ಷದ ಶ್ರಾದ್ಧ. ಪಿಂಡ ಇಟ್ಟವನು ತಮ್ಮ ವ್ಯಾಸರಾಜ. ಹಿರಿಯ ಮಗ ನಾನು ಹಿತ್ತಲಲ್ಲಿ ನಿಂತಿದ್ದೆ.

ತಪ್ಪು ನನ್ನದೇ. ನಿನ್ನೆ ಸಂಜೆ ಅಪ್ಪ ಅಮ್ಮನ ಡಬ್ಬಿಯ ಹತ್ತಿ ತೆಗೆದು ಬತ್ತಿ ಹೊಸೆಯುತ್ತಿದ್ದರು. ನಮ್ಮ ಲ್ಯಾಬಿನ ಡಿಎನ್‌ಎ ಕೂಡ ಥೇಟ್ ಹೀಗೇ, ಬಿಳೀ ಎಳೆ. ಅದನ್ನು ತಂತಿಯ ತುದಿಗೆ ಅಂಟಿಸಿ ಕಾಲುವೆ ನೀರಲ್ಲಿ ಅದ್ದಿದರೆ ಗದ್ದೆಗೆ ಹೊಡೆದ ವಿಷ ಬೆರೆತಿದೆಯೇ ತಿಳಿಯುತ್ತದೆ ಎಂದುಬಿಟ್ಟೆ.

“ಭಾಳ ಛಲೋ ಕೆಲಸ. ಅದನ್ನ ಎದರಿಂದ ತೆಗೀತಾರ?”

ಸುಳ್ಳು ಹೇಳಬಹುದಿತ್ತು. “ಕರುವಿನ ಕೊರಳ ಗ್ರಂಥಿಯಿಂದ” ಎಂದೆ.

ಹೊಸೆಯುವ ಕೈ ನಿಂತಿತು. “ಕರು ಬದುಕಿರ್ತದೇನು?”

“ಇಲ್ಲ” ಎಂದೆ.

“ನಾಳೆ ಪಿಂಡ ನೀ ಮುಟ್ಟಬ್ಯಾಡ, ತಿರುಮಲಾ.” ಅಪ್ಪ ಕೂಗಲೂ ಇಲ್ಲ. ಕೂಗಿದ್ದರೆ ಜಗಳವಾದರೂ ಆಡುತ್ತಿದ್ದೆ.

ಅಮ್ಮನಿಗೆ ಇದನ್ನೆಲ್ಲ ಮೂರು ವರ್ಷದ ಹಿಂದೆಯೇ ಹೇಳಿದ್ದೆ. “ಅಪ್ಪಗ ಹೇಳಬ್ಯಾಡಪಾ” ಎಂದಳು. ಆಮೇಲೆ ನನ್ನ ಕೈಯಿಂದಲೇ ನೀರು ತರಿಸಿಕೊಂಡು ಕುಡಿದಳು.

ಅವತ್ತು ಏಕಾದಶಿ. ಮದುವೆಯಾಗಿ ಬಂದಾಗಿನಿಂದ ಏಕಾದಶಿಯ ದಿನ ಹನಿ ನೀರು ಮುಟ್ಟಿದವಳಲ್ಲ.